ಗೂಟಕ್ಕೆ ಕಟ್ಟಿದ ದೋಣಿ

ನಮ್ಮ ಕನ್ನಡ ಶಾಲೆಯಲ್ಲಿ ಓದಿ ದೊಡ್ಡವರಾದ ಮೂರ್ನಾಲ್ಕು ಮಕ್ಕಳು ಈಗ ಹಾಯಿದೋಣಿ ಕಲಿಯುತ್ತಿದ್ದಾರೆ. “ಆಂಟಿ, ಹೋಗೋದು ಸುಲಭ, ವಾಪಸ್ ಬಂದು ಕಟ್ಟೋದೇ ಕಷ್ಟ” ಎನ್ನುವುದು ಅವರ ದೂರು. ಇವತ್ತು ಆ ಕಟ್ಟುವ ಕೆಲಸದ ಬಗ್ಗೆಯೇ ಮಾತಾಡೋಣ.

ಶಿಕಾಗೋದ ಬಕಿಂಗ್‌ಹ್ಯಾಮ್ ಕಾರಂಜಿಯ ಹತ್ತಿರ ನಿಂತು ಸರೋವರದ ಕಡೆ ನೋಡಿ. ಮನ್ರೋ ಹಾರ್ಬರ್‌ನಲ್ಲಿ ನೂರಾರು ದೋಣಿಗಳು ದಡ ಮುಟ್ಟದೆ ನೀರಿನ ನಡುವೆಯೇ ನಿಂತಿರುತ್ತವೆ. ಮಾಲೀಕರು ಅಲ್ಲಿಗೆ ಹೋಗುವುದು ಟೆಂಡರ್ ಎನ್ನುವ ಚಿಕ್ಕ ದೋಣಿಯಲ್ಲಿ. ತಳದಲ್ಲಿ ಭಾರವಾದ ಲಂಗರು, ಅದರಿಂದ ಮೇಲಕ್ಕೆ ಸರಪಳಿ, ನೀರಿನ ಮೇಲೆ ತೇಲುವ ಬುರುಡೆ, ಬುರುಡೆಯಿಂದ ದೋಣಿಯ ಮೂತಿಗೆ ಒಂದು ಹಗ್ಗ. ಇಷ್ಟೇ ವ್ಯವಸ್ಥೆ. ಊರಿಗೆ ಹೋದಾಗ ಗೂಟಕ್ಕೆ ಕಟ್ಟಿದ ಹಸುವನ್ನು ನೋಡಿದ್ದೀರಲ್ಲ? ಹಗ್ಗದ ಉದ್ದ ಎಷ್ಟೋ ಅಷ್ಟು ದೂರ ಸುತ್ತಲೂ ಮೇಯುತ್ತದೆ. ದೋಣಿಯೂ ಹಾಗೆಯೇ, ಗಾಳಿ ತಿರುಗಿದಂತೆ ಲಂಗರಿನ ಸುತ್ತ ತಿರುಗುತ್ತದೆ. ಅಕ್ಕಪಕ್ಕದವು ಒಟ್ಟಿಗೇ ತಿರುಗುವುದರಿಂದ ಡಿಕ್ಕಿ ಆಗುವುದಿಲ್ಲ. ನಿಮ್ಮ ಹಗ್ಗವೊಂದೇ ಉದ್ದವಾಗಿದ್ದರೆ ಮಾತ್ರ ನೆರೆಯವರ ಜೊತೆ ಜಗಳ ಖಂಡಿತ!

ಕನ್ನಡ ಎಂ.ಎ. ಮಾಡಿದವಳು, ಒಂದು ಮಾತು ಹೇಳದೆ ಇರಲಾರೆ. ‘ಲಂಗರು’ ಪಾರಸಿಯಿಂದ ಬಂದ ಪದ. ‘ಹಾಯಿ’ ನಮ್ಮದೇ. ತಮಿಳಿನಲ್ಲಿ ಅದು ‘ಪಾಯ್’, ಅಂದರೆ ಚಾಪೆಯೂ ಹೌದು, ಹಾಯಿಯೂ ಹೌದು. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು, ಪಾಲು ಹಾಲಾದ ಹಾಗೆ.

ಸರಿ, ಈಗ ವಾಪಸ್ ಬರುತ್ತಿದ್ದೀರಿ. ಮೊದಲು ಕಟ್ಟಿ ನಿಂತ ದೋಣಿಗಳ ಮೂತಿ ನೋಡಿ. ಅವು ಯಾವ ಕಡೆಗೆ ಮುಖ ಮಾಡಿವೆಯೋ ಗಾಳಿ ಆ ಕಡೆಯಿಂದ ಬರುತ್ತಿದೆ. ನೀವು ಅವುಗಳ ಹಿಂಬದಿಯಿಂದ, ಅಂದರೆ ಗಾಳಿಗೆ ಎದುರಾಗಿ ಬುರುಡೆಯನ್ನು ಸೇರಬೇಕು. ಮುಂದಿನ ಚಿಕ್ಕ ಹಾಯಿಯನ್ನು ಮೊದಲೇ ಇಳಿಸಿಬಿಡಿ, ಮೂತಿಯಲ್ಲಿ ನಿಲ್ಲುವವರಿಗೆ ಜಾಗ ಸಿಗುತ್ತದೆ. ಬುರುಡೆ ಇನ್ನೂ ಕೆಲವು ದೋಣಿಯುದ್ದ ದೂರ ಇರುವಾಗ ಗಾಳಿಗೆ ನೇರ ತಿರುಗಿಸಿ. ದೊಡ್ಡ ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ವೇಗ ಕುಸಿಯುತ್ತದೆ, ಬುರುಡೆಯ ಹತ್ತಿರ ದೋಣಿ ತಾನಾಗಿ ನಿಲ್ಲುತ್ತದೆ. ಎಷ್ಟು ದೂರದಲ್ಲಿ ತಿರುಗಿಸಬೇಕು ಅನ್ನುವುದು ಪುಸ್ತಕದಿಂದ ಬರುವುದಿಲ್ಲ. ಭಾರದ ದೋಣಿ ಹೆಚ್ಚು ದೂರ ಜಾರುತ್ತದೆ, ಹಗುರಾದದ್ದು ಬೇಗ ನಿಲ್ಲುತ್ತದೆ.

ವೇಗ ಜಾಸ್ತಿ ಇದೆ ಅನ್ನಿಸಿದರೆ ಬುರುಡೆಗೆ ಕೈ ಹಾಕಲೇಬೇಡಿ. ಮುಂದೆ ಹೋಗಿ, ಒಂದು ಸುತ್ತು ಹಾಕಿ ಮತ್ತೆ ಬನ್ನಿ. ದಡದಲ್ಲಿ ನಿಂತವರು ನೋಡಿ ನಗುತ್ತಾರೆ ಎಂದು ನಾಚಿಕೊಂಡು ಹಗ್ಗ ಹಿಡಿದವರು ನೀರಿಗೆ ಬೀಳುತ್ತಾರೆ, ಇಲ್ಲವೇ ಬೆರಳು ಜಜ್ಜಿಕೊಳ್ಳುತ್ತಾರೆ. ಮೇ ತಿಂಗಳ ಮಿಶಿಗನ್ ಸರೋವರದ ನೀರು ಉಸಿರು ಕಟ್ಟಿಸುವಷ್ಟು ತಣ್ಣಗಿರುತ್ತದೆ. ಲೈಫ್ ಜಾಕೆಟ್ ಹಾಕಿಕೊಳ್ಳಿ ಎಂದು ಅಮ್ಮ ಹೇಳಿದರೆ ಸಿಡುಕಬೇಡಿ.

ಕೊಕ್ಕೆಯ ಕೋಲಿನಿಂದ ಹಗ್ಗವನ್ನು ಎತ್ತಿಕೊಂಡು, ಮೂತಿಯಲ್ಲಿರುವ ಕ್ಲೀಟಿಗೆ ಕುಣಿಕೆಯನ್ನು ಹಾಕಿ. ಕುಣಿಕೆ ಇಲ್ಲದಿದ್ದರೆ ಬುಡಕ್ಕೆ ಒಂದು ಸುತ್ತು, ಆಮೇಲೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಎರಡು ಸುತ್ತು, ಕೊನೆಗೆ ಒಂದು ಬಿಗಿ. ಹಗ್ಗಕ್ಕೂ ಕ್ಲೀಟಿಗೂ ನಡುವೆ ಬೆರಳು ಸಿಕ್ಕಿಸಬೇಡಿ. ತಕ್ಷಣ ದೊಡ್ಡ ಹಾಯಿ ಇಳಿಸಿ, ಇಲ್ಲದಿದ್ದರೆ ಕಟ್ಟಿದ ದೋಣಿಯೇ ಓಡಲು ನೋಡುತ್ತದೆ.

ಡೆಟ್ರಾಯಿಟ್ ಕಡೆಯವರಿಗೆ ಇನ್ನೊಂದು ಲೆಕ್ಕವಿದೆ. ಸೇಂಟ್ ಕ್ಲೇರ್ ಸರೋವರದ ಸರಾಸರಿ ಆಳ ಸುಮಾರು 11 ಅಡಿ ಮಾತ್ರ, ಗಾಳಿ ಎದ್ದರೆ ಅಲೆಗಳು ಗಿಡ್ಡವಾಗಿ, ಒತ್ತೊತ್ತಾಗಿ ಬಂದು ಹಗ್ಗವನ್ನು ಜಗ್ಗುತ್ತವೆ. ಡೆಟ್ರಾಯಿಟ್ ನದಿಯಲ್ಲಾದರೆ ಹರಿವೂ ಉಂಟು; ದೋಣಿ ಗಾಳಿಗೆ ಮುಖ ಮಾಡದೆ ಹರಿವಿಗೆ ಮುಖ ಮಾಡಬಹುದು. ಅಲ್ಲಿ ಎರಡನ್ನೂ ನೋಡಿಯೇ ದಾರಿ ಹಿಡಿಯಿರಿ.

ನಮ್ಮ ಸರೋವರಗಳಲ್ಲಿ ಹೇಳಿಕೊಳ್ಳುವಂಥ ಭರತ ಇಳಿತ ಇಲ್ಲ, ನಿಜ. ಆದರೆ ಗಾಳಿಯ ಒತ್ತಡಕ್ಕೆ ನೀರು ತೊಟ್ಟಿಯಲ್ಲಿ ತುಳುಕಿದ ಹಾಗೆ ತುಳುಕುವುದುಂಟು. ಅದಕ್ಕೆ ಸೇಶ್ ಎನ್ನುತ್ತಾರೆ. 1954ರ ಜೂನ್ 26ರಂದು ಶಿಕಾಗೋದ ದಡಕ್ಕೆ ಅಂಥ ಅಲೆ ಬಡಿದು, ಮೀನು ಹಿಡಿಯುತ್ತಿದ್ದ ಕೆಲವರು ಪ್ರಾಣ ಕಳೆದುಕೊಂಡರು. ಸರಪಳಿ, ಹಗ್ಗಗಳನ್ನು ಲೆಕ್ಕಕ್ಕೆ ಸರಿಯಾಗಿ ಬಿಗಿಯದೆ ಸ್ವಲ್ಪ ಸಡಿಲ ಬಿಡುವುದು ಇದಕ್ಕೇ.

ಹಗ್ಗ ಸಾಮಾನ್ಯವಾಗಿ ಒಮ್ಮೆಗೇ ಕಿತ್ತುಹೋಗುವುದಿಲ್ಲ. ದೋಣಿಯ ಅಂಚಿಗೆ ಉಜ್ಜುವ ಜಾಗದಲ್ಲಿ ರಾತ್ರಿಯಿಡೀ ಸವೆಯುತ್ತದೆ. ಅಲ್ಲಿಗೆ ಚರ್ಮ ಸುತ್ತಿ, ಇಲ್ಲವೇ ಹಳೆಯ ನೀರಿನ ಪೈಪಿನ ತುಂಡು ತೊಡಿಸಿ. ಈಶಾನ್ಯದ ಗಾಳಿ ಬರುವ ಮುನ್ಸೂಚನೆ ಇದ್ದರೆ ಎರಡನೇ ಹಗ್ಗವನ್ನೂ ಕಟ್ಟಿಬನ್ನಿ. ಟೆಂಡರ್ ಹತ್ತುವ ಮೊದಲು ಚುಕ್ಕಾಣಿಯನ್ನು ನಡುವಿಗೆ ಬಿಗಿದು, ಮೂತಿಯ ಗಂಟನ್ನು ಇನ್ನೊಮ್ಮೆ ಎಳೆದು ನೋಡಿ.