ಎಳೆಯ ನವಿಲುಕೋಸು, ಎಳೆಯ ಟರ್ನಿಪ್

ನವಿಲುಕೋಸಿನಲ್ಲಿ ತಿನ್ನುವ ಭಾಗ ಕಾಂಡ. ನೆಲದಿಂದ ಒಂದೆರಡು ಬೆರಳು ಮೇಲೆ ಕಾಂಡ ಗುಂಡಗೆ ಉಬ್ಬುತ್ತದೆ, ಆ ಉಬ್ಬಿನ ಮೈಯಿಂದಲೇ ಉದ್ದ ತೊಟ್ಟಿನ ಎಲೆಗಳು ಹೊರಡುತ್ತವೆ. ಎಲೆ ಉದುರಿದ ಕಡೆ ಗುರುತು ಉಳಿಯುತ್ತದೆ. ಬೇರು ಮಾತ್ರ ಕೆಳಗೆ ಸಣ್ಣಗೆ, ಮಣ್ಣಿನೊಳಗೆ. ಟರ್ನಿಪ್‌ನ ರಚನೆ ಬೇರೆ. ಅಲ್ಲಿ ಉಬ್ಬುವುದು ತಾಯಿಬೇರಿನ ಮೇಲ್ತುದಿ ಮತ್ತು ಅದಕ್ಕೂ ಬೀಜದೆಲೆಗಳಿಗೂ ನಡುವೆ ಇರುವ ಚಿಕ್ಕ ತುಂಡು. ಗೆಡ್ಡೆಯ ಅರ್ಧ ಮಣ್ಣಿನಲ್ಲಿ, ಅರ್ಧ ಹೊರಗೆ ಇರುತ್ತದೆ. ಎಷ್ಟೋ ತಳಿಗಳಲ್ಲಿ ಬಿಸಿಲು ತಾಗಿದ ಮೇಲ್ಭಾಗ ನೇರಳೆಯಾಗಿ, ಮಣ್ಣಿನೊಳಗಿನ ಭಾಗ ಬೆಳ್ಳಗೆ ಉಳಿಯುತ್ತದೆ. ಬೇಸಾಯದ ಮೊದಲ ನಿರ್ಧಾರ ಈ ವ್ಯತ್ಯಾಸದಿಂದಲೇ ಹುಟ್ಟುತ್ತದೆ. ನವಿಲುಕೋಸಿನ ಸಸಿಯನ್ನು ಕಿತ್ತು ನಾಟಿ ಮಾಡಬಹುದು. ಟರ್ನಿಪ್ಪನ್ನು ಮಾಡಬಾರದು, ತಾಯಿಬೇರಿಗೆ ಪೆಟ್ಟು ಬಿದ್ದರೆ ಗೆಡ್ಡೆ ಕವಲೊಡೆದು ಸೊಟ್ಟಗಾಗುತ್ತದೆ.

ಎರಡೂ ಸಾಸಿವೆಯ ಕುಟುಂಬಕ್ಕೆ ಸೇರಿದವು. ನವಿಲುಕೋಸು ಎಲೆಕೋಸು, ಹೂಕೋಸುಗಳ ಜಾತಿಯದೇ; ಒಂದೇ ಕಾಡುಗಿಡದಿಂದ ಯೂರೋಪಿನ ರೈತರು ಎಲೆಗಾಗಿ ಒಂದನ್ನು, ಹೂವಿಗಾಗಿ ಇನ್ನೊಂದನ್ನು, ಕಾಂಡಕ್ಕಾಗಿ ಮತ್ತೊಂದನ್ನು ತಲೆಮಾರುಗಳ ಕಾಲ ಆರಿಸಿ ಬೆಳೆಸಿದ್ದರ ಫಲ ಇವು. ಟರ್ನಿಪ್ ಚೀನೀ ಎಲೆಕೋಸಿನ ಜಾತಿಯದು. ಕೊರಿಯಾ ಮೂಲದ ಸಸ್ಯವಿಜ್ಞಾನಿ ವೂ ಜಾಂಗ್-ಚೂನ್ ಈ ಗಿಡಗಳ ನಂಟನ್ನು 1935ರಲ್ಲಿ ವರ್ಣತಂತುಗಳ ಲೆಕ್ಕದಿಂದ ಬಿಡಿಸಿ ತೋರಿಸಿದರು. ಕೋಸಿನ ಜಾತಿಯಲ್ಲಿ 18 ವರ್ಣತಂತುಗಳು, ಟರ್ನಿಪ್ ಜಾತಿಯಲ್ಲಿ 20. ಎರಡೂ ಕೂಡಿ 38 ವರ್ಣತಂತುಗಳ ರೇಪ್ ಎಣ್ಣೆಬೀಜದ ಗಿಡ ಹುಟ್ಟಿತು. ಟರ್ನಿಪ್ ಜಾತಿ ಕರಿಸಾಸಿವೆಯೊಂದಿಗೆ ಕೂಡಿದ್ದರಿಂದ ನಮ್ಮ ಒಗ್ಗರಣೆಯ ಸಾಸಿವೆ ಬಂತು. ಕೈತೋಟ ಮಾಡುವವರಿಗೆ ಈ ನಂಟು ನೆನಪಿರಬೇಕು, ಏಕೆಂದರೆ ನೆಂಟರಿಗೆಲ್ಲ ರೋಗವೂ ಹುಳುವೂ ಒಂದೇ.

ಇವು ಚಳಿಗಾಲದ ಬೆಳೆಗಳು. ಉಷ್ಣಾಂಶ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಉಬ್ಬು ಚೆನ್ನಾಗಿ ಕಟ್ಟುತ್ತದೆ. 25 ದಾಟಿದ ಮೇಲೆ ನಾರು ಬೇಗ ಸೇರುತ್ತದೆ, ಟರ್ನಿಪ್ ಖಾರವಾಗುತ್ತದೆ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಬೆಂಗಳೂರು, ಚಿಕ್ಕಬಳ್ಳಾಪುರದ ಸೀಮೆಯಲ್ಲಿ ನವಿಲುಕೋಸು ವರ್ಷದ ಬಹುಪಾಲು ಬರುತ್ತದೆ. ಬಯಲುಸೀಮೆಯ ಉಳಿದ ಕಡೆ ಅವಸರ ಬೇಡ. ಉತ್ತರೆ ಮಳೆಯ ಹೊತ್ತಿಗೆ ಒಟ್ಟಲು ಹಾಕಿ, ಹಸ್ತದ ಜಡಿ ಕಳೆದ ಮೇಲೆ ನಾಟಿ ಮಾಡಿದರೆ ಗಿಡ ಬಲಿಯುವ ಕಾಲಕ್ಕೆ ಚಳಿ ಸರಿಯಾಗಿ ಒದಗುತ್ತದೆ. ನವಿಲುಕೋಸಿನಲ್ಲಿ ವೈಟ್ ವಿಯೆನ್ನಾ, ಪರ್ಪಲ್ ವಿಯೆನ್ನಾ ಹಳೆಯ, ನಂಬಬಹುದಾದ ತಳಿಗಳು. ನೇರಳೆ ಸಿಪ್ಪೆಯದರ ಒಳಗೂ ತಿರುಳು ಬಿಳಿಯೇ. ಟರ್ನಿಪ್‌ನಲ್ಲಿ ಪರ್ಪಲ್ ಟಾಪ್ ವೈಟ್ ಗ್ಲೋಬ್ ಎಲ್ಲೆಡೆ ಸಿಗುತ್ತದೆ. ಎಳೆಯದಾಗಿ ಕೀಳಲು ಪೂಸಾ ಶ್ವೇತಿಯಂಥ ಬೇಗ ಬರುವ ತಳಿ, ಅಥವಾ ಸುಮಾರು 40 ದಿನದಲ್ಲಿ ಸಿದ್ಧವಾಗುವ ಜಪಾನಿನ ಬಿಳಿ ಹಕುರೇ ಹೆಚ್ಚು ಒಳ್ಳೆಯದು. ನವಿಲುಕೋಸಿನ ಬೀಜವನ್ನು ಮನೆಯಲ್ಲೇ ಮಾಡಿಕೊಳ್ಳುವ ಆಸೆ ಮಾತ್ರ ನಮ್ಮಲ್ಲಿ ಕೈಗೂಡುವುದಿಲ್ಲ. ಬಲಿತ ಗಿಡ ಕೆಲವು ವಾರ ಗಟ್ಟಿ ಚಳಿ ಕಂಡರೆ ಮಾತ್ರ ಹೂ ಬಿಡುತ್ತದೆ. ಆ ಚಳಿ ಇರುವುದು ಕುಲ್ಲು ಕಣಿವೆ, ಕಾಶ್ಮೀರದಂಥ ಕಡೆ, ಬೀಜ ಬೆಳೆಯುವುದೂ ಅಲ್ಲೇ.

ಒಟ್ಟಲಿನ ಮಣ್ಣು ನೀರು ನಿಲ್ಲದಂತೆ ನಾಲ್ಕು ಬೆರಳು ಎತ್ತರ ಇರಬೇಕು. ಬೀಜ ಸಾಸಿವೆಕಾಳಿನಷ್ಟೇ ಸಣ್ಣದು, ಒಂದು ಸೆಂಟಿಮೀಟರ್ ಆಳ ಸಾಕು. ದಟ್ಟವಾಗಿ ಚೆಲ್ಲಿ ಮೇಲೆ ಮೇಲೆ ನೀರು ಹಾಕಿದರೆ ಸಸಿಯ ಬುಡ ಕೊಳೆತು ಮಲಗುತ್ತದೆ. ಮೂರು ನಾಲ್ಕು ವಾರದಲ್ಲಿ ನಾಲ್ಕೈದು ಎಲೆ ಬಂದ ಸಸಿಯನ್ನು ಸಂಜೆ ಹೊತ್ತು ನಾಟಿ ಮಾಡುವುದು ಕ್ರಮ. ಸಾಲಿಗೂ ಗಿಡಕ್ಕೂ 25 ಸೆಂಟಿಮೀಟರ್ ಅಂತರ ಬಿಟ್ಟರೆ ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದದ ಮಡಿಯಲ್ಲಿ 32 ಗಿಡ ಹಿಡಿಯುತ್ತವೆ. ಎಲ್ಲವನ್ನೂ ಒಂದೇ ದಿನ ನೆಟ್ಟರೆ ಎಲ್ಲವೂ ಒಂದೇ ವಾರ ಕೊಯ್ಲಿಗೆ ಬರುತ್ತವೆ. ಹದಿನೈದು ದಿನಕ್ಕೊಮ್ಮೆ ಎಂಟೆಂಟು ಗಿಡ ನೆಡುವುದು ಮನೆಯ ಅಡುಗೆಗೆ ಹೊಂದುವ ಲೆಕ್ಕ. ನೆಡುವಾಗ ಉಬ್ಬುವ ಭಾಗವನ್ನು ಮಣ್ಣಿನಲ್ಲಿ ಹೂಳಬಾರದು.

ಟರ್ನಿಪ್ ಬೀಜವನ್ನು ಮಡಿಯಲ್ಲೇ ಸಾಲಾಗಿ ಬಿತ್ತಬೇಕು. ನಾಲ್ಕರಿಂದ ಏಳು ದಿನದಲ್ಲಿ ಮೊಳಕೆ ಕಾಣುತ್ತದೆ. ಆಮೇಲಿನ ಕೆಲಸಕ್ಕೆ ಹೆಚ್ಚಿನವರಿಗೆ ಮನಸ್ಸು ಬರುವುದಿಲ್ಲ: ಚೆನ್ನಾಗಿ ಎದ್ದ ಸಸಿಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಕಿತ್ತು ತೆಗೆಯಬೇಕು. ದೊಡ್ಡ ಗೆಡ್ಡೆಗೆ 10 ಸೆಂಟಿಮೀಟರ್, ಎಳೆಯದಾಗಿ ಕೀಳುವುದಾದರೆ ಐದಾರು ಸೆಂಟಿಮೀಟರ್ ಅಂತರ ಬೇಕೇ ಬೇಕು. ಮರುಕಪಟ್ಟು ಬಿಟ್ಟ ಸಾಲಿನಲ್ಲಿ ಸೊಪ್ಪು ತುಂಬುತ್ತದೆ, ಗೆಡ್ಡೆ ಕಟ್ಟುವುದಿಲ್ಲ. ಕಿತ್ತ ಸಸಿ ವ್ಯರ್ಥವಲ್ಲ, ಸಾರಿಗೋ ಪಲ್ಯಕ್ಕೋ ಆಗುತ್ತದೆ.

ಮಣ್ಣಿಗೆ ಚದರ ಮೀಟರಿಗೆ ಎರಡೂವರೆ ಕಿಲೋದಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿದರೆ ಅಡಿಪಾಯ ಆಯಿತು. ಹಸಿ ಸಗಣಿ ಬೇಡ. ಯೂರಿಯಾ ಅತಿಯಾದರೆ ಎಲೆ ಸೊಕ್ಕುತ್ತದೆ, ಟರ್ನಿಪ್ ಗೆಡ್ಡೆ ಸಣ್ಣದಾಗುತ್ತದೆ. ಬೋರಾನ್ ಕೊರತೆ ಇರುವ ಮಣ್ಣಿನಲ್ಲಿ ಟರ್ನಿಪ್ ಹೊರಗೆ ನೋಡಲು ಚೆನ್ನಾಗಿದ್ದು ಒಳಗೆ ಕಂದಾಗುತ್ತದೆ. ಚದರ ಮೀಟರಿಗೆ ಒಂದು ಗ್ರಾಂ ಬೋರಾಕ್ಸ್ ಅದಕ್ಕೆ ಪರಿಹಾರ, ಅಳತೆ ಮೀರಿದರೆ ಅದೇ ಗಿಡಕ್ಕೆ ವಿಷ. ಹುಳಿಮಣ್ಣಿನಲ್ಲಿ ಬೇರುಗಂಟು ತರುವ ರೋಗ ಹೆಚ್ಚು. ಅಂಥ ಕಡೆ ಮೊದಲೇ ಸುಣ್ಣ ಬೆರೆಸುವುದು ಲೇಸು.

ಆದರೆ ರುಚಿಯನ್ನು ತೀರ್ಮಾನಿಸುವುದು ಗೊಬ್ಬರಕ್ಕಿಂತ ನೀರು. ಎರಡೂ ಗಿಡಗಳು ತಡೆಯಿಲ್ಲದೆ, ಬೇಗ ಬೆಳೆಯಬೇಕು. ನೀರು ತಪ್ಪಿ ಒಂದು ವಾರ ಬೆಳವಣಿಗೆ ನಿಂತರೆ ಒಳಗಿನ ನೀರ್ನಾಳಗಳ ಗೋಡೆಗೆ ಲಿಗ್ನಿನ್ ಎಂಬ ಮರದ ಅಂಶ ಸೇರಿ ತಿರುಳು ನಾರಾಗುತ್ತದೆ, ಮುಂದೆ ಎಷ್ಟು ನೀರು ಕೊಟ್ಟರೂ ಆ ನಾರು ಕರಗುವುದಿಲ್ಲ. ಒಣಗಿದ ಮೇಲೆ ಒಮ್ಮೆಲೇ ನೀರು ತುಂಬಿಸಿದರೆ ಸಿಪ್ಪೆ ಹಿಗ್ಗುವ ಮೊದಲೇ ತಿರುಳು ಹಿಗ್ಗಿ, ನವಿಲುಕೋಸು ಬಿರಿಯುತ್ತದೆ. ಕೆಮ್ಮಣ್ಣು ಬೇಗ ಒಣಗುವುದರಿಂದ ಎರಡು ಮೂರು ದಿನಕ್ಕೊಮ್ಮೆ, ಎರೆಮಣ್ಣಿಗೆ ವಾರಕ್ಕೊಮ್ಮೆ ನೀರು ಬೇಕಾಗಬಹುದು. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿದಾಗ ತಂಪು ತಾಗದಿದ್ದರೆ ನೀರು ಹಾಯಿಸುವ ಹೊತ್ತು ಅದೇ. ಸಾಲಿನ ನಡುವೆ ಒಣಹುಲ್ಲೋ ತರಗೆಲೆಯೋ ಹಾಸಿದರೆ ತೇವ ಹೆಚ್ಚು ದಿನ ನಿಲ್ಲುತ್ತದೆ, ಕಳೆಯೂ ತಗ್ಗುತ್ತದೆ.

ಹುಳುಗಳಲ್ಲಿ ಕಾಟ ಕೊಡುವುದು ಡೈಮಂಡ್ ಬ್ಯಾಕ್ ಪತಂಗದ ಹಸಿರು ಮರಿ. ಎಲೆಯ ಅಡಿಯಿಂದ ಕೆರೆದು ತಿಂದು ಮೇಲಿನ ತೆಳು ಪೊರೆಯನ್ನಷ್ಟೇ ಬಿಡುತ್ತದೆ, ಮುಟ್ಟಿದರೆ ನೂಲು ಬಿಟ್ಟುಕೊಂಡು ಕೆಳಗಿಳಿಯುತ್ತದೆ. ಈ ಪತಂಗದ ಚರಿತ್ರೆ ಔಷಧಿ ಹೊಡೆಯುವವರೆಲ್ಲ ತಿಳಿಯಬೇಕಾದದ್ದು. 1953ರಷ್ಟು ಹಿಂದೆಯೇ ಜಾವಾ ದ್ವೀಪದಲ್ಲಿ ಇದು ಡಿಡಿಟಿಗೆ ಜಗ್ಗದೆ ನಿಂತಿತು. ಮುಂದೆ ಹವಾಯಿ, ಫಿಲಿಪೀನ್ಸ್‌ಗಳಲ್ಲಿ ಬಿಟಿ ಜೈವಿಕ ಕೀಟನಾಶಕಕ್ಕೂ ಒಗ್ಗಿಕೊಂಡಿತು. ಬರೀ ಸಿಂಪಡಣೆಯಿಂದ ಇದನ್ನು ಗೆಲ್ಲಲಾಗದು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಎಲೆಕೋಸಿಗೆ ತೋರಿಸಿಕೊಟ್ಟ ದಾರಿ ಹೆಚ್ಚು ವಿವೇಕದ್ದು: ಪ್ರತಿ 25 ಸಾಲು ಕೋಸಿಗೆ ಸಾಸಿವೆಯ ಸಾಲುಗಳು, ಅವುಗಳಲ್ಲಿ ಮೊದಲ ಸಾಲನ್ನು ನಾಟಿಗೆ 15 ದಿನ ಮೊದಲೇ ಬಿತ್ತುವುದು. ಪತಂಗ ಸಾಸಿವೆಯನ್ನೇ ಹೆಚ್ಚು ಬಯಸಿ ಅಲ್ಲಿ ಮೊಟ್ಟೆ ಇಡುತ್ತದೆ. ಕೈತೋಟದಲ್ಲಿ ಮಡಿಯ ಅಂಚಿಗೆ ಒಂದು ಸಾಲು ಸಾಸಿವೆ ಇದೇ ಕೆಲಸ ಮಾಡುತ್ತದೆ. ಆ ಸಾಲಿನ ಹುಳುವನ್ನು ಆಗಾಗ ಕೊಲ್ಲಲೇಬೇಕು. ಬಿಟ್ಟರೆ ಅಲ್ಲಿಂದಲೇ ಕೋಸಿಗೆ ಹರಡುತ್ತದೆ. ಜೊತೆಗೆ ಬೇವಿನ ಬೀಜದ ತಿರುಳಿನ ಪುಡಿ 40 ಗ್ರಾಂ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ತುಸು ಸೋಪು ಬೆರೆಸಿ ಸಂಜೆ ಎಲೆಯ ಅಡಿಗೆ ತಾಗುವಂತೆ ಸಿಂಪಡಿಸಬಹುದು. ಸಸ್ಯಹೇನು ಕೂಡ ಹತೋಟಿಗೆ ಬರುತ್ತದೆ. ಕೊಯ್ಲಾದ ಮಡಿಗೆ ಮತ್ತೆ ಕೋಸು, ಮೂಲಂಗಿ, ಸಾಸಿವೆ ಹಾಕದೆ ಹುರುಳಿಕಾಯಿ, ಅವರೆ, ಬೆಂಡೆಗಳಿಗೆ ಬಿಡುವುದು ಹಳೆಯ, ಇಂದಿಗೂ ಸೋಲದ ಉಪಾಯ. ಬೇರುಗಂಟು ಕಂಡ ನೆಲದಲ್ಲಿ ಈ ಕುಟುಂಬದ ಬೆಳೆ ಹಲವು ವರ್ಷ ಸಲ್ಲದು.

ನಾಟಿಯಾದ 50ರಿಂದ 60 ದಿನದಲ್ಲಿ ನವಿಲುಕೋಸು ಐದರಿಂದ ಏಳು ಸೆಂಟಿಮೀಟರ್ ದಪ್ಪವಾಗುತ್ತದೆ. ಕೊಯ್ಯಬೇಕಾದದ್ದು ಆಗಲೇ. ಇನ್ನೂ ದೊಡ್ಡದಾಗಲಿ ಎಂದು ಕಾಯುವವರಿಗೆ ತೂಕ ಸಿಗುತ್ತದೆ, ಊಟಕ್ಕೆ ನಾರು ಸಿಗುತ್ತದೆ. ನಾರು ಮೊದಲು ಸೇರುವುದು ಬುಡದಿಂದ. ಬಲಿತ ಕಾಯಿಯಲ್ಲೂ ಮೇಲಿನ ಅರ್ಧ ಎಳೆಯದಾಗಿರಬಹುದು, ಹಾಗಾಗಿ ಹೆಚ್ಚುವಾಗ ಬುಡದ ಸಿಪ್ಪೆಯನ್ನು ದಪ್ಪಗೆ ತೆಗೆಯುವುದು ಸರಿ. ಟರ್ನಿಪ್ ಮೂರು ನಾಲ್ಕು ಸೆಂಟಿಮೀಟರ್, ಅಂದರೆ ನಿಂಬೆಹಣ್ಣಿನ ಗಾತ್ರಕ್ಕೆ ಬಂದಾಗ ಕಿತ್ತರೆ ಸಿಪ್ಪೆ ಸುಲಿಯುವ ಅಗತ್ಯವೂ ಇಲ್ಲ. ಹಸಿಯಾಗಿ ತುರಿದು ಕೋಸಂಬರಿಗೆ ಹಾಕಬಹುದು.

ಕರ್ನಾಟಕದ ಅಡುಗೆಯಲ್ಲಿ ನವಿಲುಕೋಸಿಗೆ ಹುಳಿ, ಕೂಟು, ಸಾಗು, ಪಲ್ಯಗಳಲ್ಲಿ ಗಟ್ಟಿ ಜಾಗವಿದೆ. ಟರ್ನಿಪ್ ಇನ್ನೂ ಹೊಸಬ. ಕಾಶ್ಮೀರದಲ್ಲಿ ಎರಡೂ ಮನೆಯ ತರಕಾರಿಗಳು. ಅಲ್ಲಿ ನವಿಲುಕೋಸನ್ನು ಎಲೆಯ ಸಮೇತ ಬೇಯಿಸುತ್ತಾರೆ, ಟರ್ನಿಪ್ಪನ್ನು ರಾಜ್ಮಾದ ಜೊತೆ ಅಡುಗೆ ಮಾಡುತ್ತಾರೆ, ಮಿಕ್ಕದ್ದನ್ನು ಬಿಲ್ಲೆಯಾಗಿ ಕೊಯ್ದು ಬಿಸಿಲಿಗೆ ಒಣಗಿಸಿ ಹಿಮಗಾಲಕ್ಕೆ ಕೂಡಿಡುತ್ತಾರೆ. ಎಲೆಯನ್ನು ಬಿಸಾಡದ ಆ ಪದ್ಧತಿ ಇಲ್ಲಿಗೂ ಬೇಕು. ನೂರು ಗ್ರಾಂ ಹಸಿ ನವಿಲುಕೋಸಿನಲ್ಲಿ 60 ಮಿಲಿಗ್ರಾಂನಷ್ಟು ವಿಟಮಿನ್ ಸಿ ಇದೆ. ಟರ್ನಿಪ್ ಸೊಪ್ಪಿನಲ್ಲಿ ಗೆಡ್ಡೆಗಿಂತ ಹಲವು ಪಟ್ಟು ಕ್ಯಾಲ್ಸಿಯಂ ಇದೆ. ಎಳೆ ಎಲೆ ಬಸ್ಸಾರಿಗೂ ಪಲ್ಯಕ್ಕೂ ಒಗ್ಗುತ್ತದೆ. ಎಲೆಯನ್ನು ಕಿತ್ತ ದಿನವೇ ಬಳಸಬೇಕು. ಎಲೆ ತೆಗೆದ ನವಿಲುಕೋಸನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ ಕೆಡದೆ ಇರುತ್ತದೆ, ಎಳೆಯ ಟರ್ನಿಪ್ ಒಂದು ವಾರ.