ನೆಗಡಿಯ ಲೆಕ್ಕ

ಈ ಭಾಷಣಕ್ಕೆ ದತ್ತಿ ಇಟ್ಟ ಮನೆಯವರೇ, ಮುಂದಿನ ಸಾಲಿನಲ್ಲಿ ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿರುವ ತಾಯಂದಿರೇ,

ನಾನು ಬಾಯಿ ತೆರೆಯುವ ಮೊದಲೇ ಎರಡು ಮಕ್ಕಳು ಕೆಮ್ಮಿದವು. ಪೀಠಿಕೆಯ ಕೆಲಸ ಅವೇ ಮಾಡಿಬಿಟ್ಟವು.

2025ರ ಜನವರಿ 6, ಸೋಮವಾರ. ನಮ್ಮ ಹುಣಸಮಾರನಹಳ್ಳಿಯ ಮುಂದೆ ಹಾಯುವ ಇದೇ ಬಳ್ಳಾರಿ ರಸ್ತೆಯಲ್ಲಿ ಯಲಹಂಕ ದಾಟಿ ಹೆಬ್ಬಾಳಕ್ಕೆ ಹೋದರೆ ಬ್ಯಾಪ್ಟಿಸ್ಟ್ ಆಸ್ಪತ್ರೆ ಸಿಗುತ್ತದೆ. ಅಲ್ಲಿ ದಾಖಲಾಗಿದ್ದ ಮೂರು ತಿಂಗಳ ಹೆಣ್ಣುಕೂಸು, ಎಂಟು ತಿಂಗಳ ಗಂಡುಕೂಸು, ಇಬ್ಬರಲ್ಲೂ ಎಚ್‌ಎಂಪಿವಿ ಅನ್ನುವ ಉಸಿರಾಟದ ವೈರಸ್ ಕಂಡಿದೆ ಎಂಬ ಸುದ್ದಿ ಅಂದು ಬಂತು. ಟಿ.ವಿ.ಯಲ್ಲಿ ಅದೇ ವೈರಸ್ ಚೀನಾದಲ್ಲಿ ಹರಡಿದ ಸುದ್ದಿ, ಮನೆಗಳಲ್ಲಿ ಕೋವಿಡ್ ಕಾಲದ ಹಳೇ ಮಾಸ್ಕಿನ ಹುಡುಕಾಟ. ಅಷ್ಟರಲ್ಲಿ ಹೆಣ್ಣುಕೂಸು ಮನೆ ಸೇರಿತ್ತು, ಗಂಡುಕೂಸು ಚೇತರಿಸಿಕೊಳ್ಳುತ್ತಿತ್ತು. ಎರಡೂ ವಿದೇಶದಿಂದ ಬಂದವಲ್ಲ. ಏರ್‌ಪೋರ್ಟ್ ದಾರಿಯಲ್ಲಿರುವ ನಮಗೆ ವಿಮಾನವನ್ನು ಬೈಯಲು ಇನ್ನೂ ಬೇಕಾದಷ್ಟು ಕಾರಣಗಳಿವೆ, ಇದೊಂದನ್ನು ಬಿಟ್ಟುಬಿಡೋಣ.

ಈ ವೈರಸ್ಸನ್ನು ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು ಗುರುತಿಸಿದ್ದು 2001ರಲ್ಲಿ. ಕಾಪಿಟ್ಟಿದ್ದ ಹಳೆಯ ರಕ್ತ ತೆಗೆದು ನೋಡಿದರೆ, ಕಡಿಮೆಯೆಂದರೂ ಐವತ್ತು ವರ್ಷದಿಂದ ಅದು ಜನರ ನಡುವೆ ಓಡಾಡಿಕೊಂಡೇ ಇತ್ತು. ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಪ್ರತಿ ಮಗುವಿಗೂ ತಗುಲಿತ್ತು. ನಮ್ಮಜ್ಜಿಯರು ‘ಥಂಡಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದುದರಲ್ಲಿ ಇದರ ಪಾಲೂ ಇದ್ದೀತು. ಈಗ ಪರೀಕ್ಷೆ ಬಂದಿದೆ. ಹೆಸರು ಬಂದ ಮೇಲೆ ಹೆದರಿಕೆ ಬಂದಿದೆ.

ಚಿಕ್ಕ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಬರುವುದು ಮಾಮೂಲು. ಒಂದೊಂದಕ್ಕೆ ಹತ್ತು ದಿನ ಹಿಡಿಯಿರಿ: ವರ್ಷದಲ್ಲಿ ಅರವತ್ತರಿಂದ ಎಂಬತ್ತು ದಿನ ಮೂಗು ಸೋರುತ್ತಲೇ ಇರುತ್ತದೆ! ರೈನೋವೈರಸ್ ಒಂದರಲ್ಲೇ ನೂರೈವತ್ತಕ್ಕೂ ಹೆಚ್ಚು ಬಗೆ. ಒಂದರ ಪರಿಚಯ ಆಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲು ತಟ್ಟುತ್ತದೆ. ದೊಡ್ಡದು ಅಂಗನವಾಡಿಯಿಂದ ತರುತ್ತದೆ, ತೊಟ್ಟಿಲಲ್ಲಿರುವುದು ಹಂಚಿಕೊಳ್ಳುತ್ತದೆ. ಇದನ್ನೇ ‘ಮಗೂಗೆ ಶಕ್ತಿ ಇಲ್ಲ’ ಎಂದು ಹೇಳಿ ಟಾನಿಕ್ ಮಾರುವವರ ಮೇಲೆ ನನಗೆ ಸಿಟ್ಟಿದೆ.

ಆ್ಯಂಟಿಬಯೋಟಿಕ್‌ಗೆ ವೈರಸ್ ಜಗ್ಗದು. ನೆಗಡಿಯ ಸಿರಪ್ಪುಗಳಲ್ಲಿ ಜೋಡಿಯಾಗಿ ಬರುವ ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ನಾಲ್ಕು ವರ್ಷದೊಳಗಿನವರಿಗೆ ಬೇಡವೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಹೇಳಿದ್ದಾರೆ. ಜೇನುತುಪ್ಪ ನೆಕ್ಕಿಸುವ ಅಜ್ಜಿಯರು ಮಗುವಿಗೆ ಒಂದು ವರ್ಷ ತುಂಬುವವರೆಗೆ ಕೈ ತಡೆಯಬೇಕು. ಎದೆಹಾಲು ನಿಲ್ಲಿಸಬಾರದು, ಮೂಗು ಕಟ್ಟಿದರೆ ಸಲೈನ್ ಹನಿ ಸಾಕು.

ಹಾಗಾದರೆ ಹೆದರಬೇಕಾದ್ದು ಯಾವಾಗ? ಕೂಸಿನ ಉಸಿರುನಾಳ ತೀರ ಸಣ್ಣದು. ಸ್ವಲ್ಪ ಊದಿಕೊಂಡರೂ ಗಾಳಿಗೆ ದಾರಿ ಕಿರಿದಾಗುತ್ತದೆ, ಉಸಿರು ಓಡತೊಡಗುತ್ತದೆ. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಸಲ, ವರ್ಷದೊಳಗಿನದು 50 ಸಲ, ಐದು ವರ್ಷದೊಳಗಿನದು 40 ಸಲ, ಅಥವಾ ಅದಕ್ಕೂ ಹೆಚ್ಚು ಉಸಿರಾಡಿದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಪಕ್ಕೆ ಒಳಕ್ಕೆ ಎಳೆದರೆ, ಹಾಲು ಬಿಟ್ಟರೆ, ತುಟಿ ನೀಲಿಗಟ್ಟಿದರೆ ಎಣಿಸುತ್ತಲೂ ಕೂರಬೇಡಿ. ಎರಡು ತಿಂಗಳೊಳಗಿನ ಕೂಸಿಗೆ ಜ್ವರವಿದ್ದರೆ ಅಷ್ಟೇ ಸಾಕು.

ಎಣಿಸುವಾಗ ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಜಾಣತನವೂ ಬೇಡ. ಕೂಸಿನ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಅಂಗಿ ಮೇಲೆತ್ತಿ ಹೊಟ್ಟೆ ನೋಡಬೇಕು. ಆಗ ಕೆಮ್ಮಿದ ಕೂಸುಗಳಲ್ಲಿ ಒಂದು ಈಗ ನಿದ್ದೆ ಹೋಗಿದೆ, ನನ್ನ ಭಾಷಣದ ಪುಣ್ಯ. ಅದರ ತಾಯಿ ಒಪ್ಪಿದರೆ, ಆ ಗೋಡೆ ಗಡಿಯಾರ ನೋಡಿಕೊಂಡು ಒಂದು ನಿಮಿಷ ಎಲ್ಲರೂ ಸುಮ್ಮನೆ ಎಣಿಸೋಣ ಬನ್ನಿ.