ಪದವನ್ನು ಬಿಡಿಸುವ ಕಣ್ಣು

ಪರೀಕ್ಷೆಯ ದಿನಗಳಲ್ಲಿ ಸಂಜೆ ಯಾವ ಬೀದಿಯಲ್ಲಿ ನಡೆದರೂ ಒಂದಲ್ಲ ಒಂದು ಮನೆಯೊಳಗಿಂದ ಇಂಗ್ಲಿಷ್ ಪದಗಳ ಬಾಯಿಪಾಠ ಕೇಳಿಬರುತ್ತದೆ. ಮಗು ಉಸಿರು ಬಿಗಿಹಿಡಿದು 'ಅನ್‌ಹ್ಯಾಪಿನೆಸ್' ಎಂಬ ಪದದ 11 ಅಕ್ಷರಗಳನ್ನು ಒಂದೊಂದಾಗಿ ದಾಟುತ್ತಿರುತ್ತದೆ. ನಡುವೆ ಎಡವಿದರೆ ತಾಯಿಯ ಗದರಿಕೆ, ತಂದೆಯ ನಿಟ್ಟುಸಿರು. ಮೇಷ್ಟರಾಗಿದ್ದ ನಾನೂ ಹಾಗೆ ಎಡವಿದ ಹುಡುಗನೊಬ್ಬನನ್ನು ದಡ್ಡನೆಂದು ಕರೆದದ್ದುಂಟು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಸಲುವಾಗಿಯೇ ಈ ಭಾಷಣ ಎಂದರೂ ತಪ್ಪಿಲ್ಲ.

ಆ ಪದದಲ್ಲಿ ಅಕ್ಷರಗಳು 11 ಇದ್ದರೂ ತುಂಡುಗಳು ಮೂರೇ: ಇಲ್ಲವೆನ್ನುವ 'ಅನ್', ಸಂತೋಷದ 'ಹ್ಯಾಪಿ', ನಮ್ಮ 'ತನ' ಪ್ರತ್ಯಯದಂಥ 'ನೆಸ್'. ಇಂಗ್ಲಿಷನ್ನೇ ತಾಯ್ನುಡಿಯಾಗಿ ಪಡೆದವರ ಕಣ್ಣು ಇಂಥ ತುಂಡುಗಳನ್ನು ಎಷ್ಟು ಬೇಗ ಕಾಣುತ್ತದೆ?

2004ರಲ್ಲಿ ಕ್ಯಾಥ್ಲೀನ್ ರಾಸಲ್, ಮ್ಯಾಥ್ಯೂ ಡೇವಿಸ್, ಬೊರಿಸ್ ನ್ಯೂ ಎಂಬ ವಿದ್ವಾಂಸರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಪರದೆಯ ಮೇಲೆ ಒಂದು ಪದ ಮಿಂಚಿ ಮಾಯವಾಗುತ್ತದೆ. ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದು ನಿಲ್ಲುವುದು 42 ಪಾಲು ಮಾತ್ರ. ಕಂಡೆನೆಂಬ ಅರಿವೂ ಓದುಗನಿಗೆ ಇರದು. ಒಡನೆಯೇ ಮತ್ತೊಂದು ಅಕ್ಷರಸಾಲು ಬರುತ್ತದೆ. ಅದು ಇಂಗ್ಲಿಷ್ ಪದ ಹೌದೋ ಅಲ್ಲವೋ ಎಂದು ಗುಂಡಿ ಒತ್ತಿ ತಿಳಿಸಬೇಕು.

ಮೊದಲು 'ಫಾರ್ಮರ್' ಮಿಂಚಿದ್ದರೆ 'ಫಾರ್ಮ್' ಎಂಬುದನ್ನು ಬೇಗ ಗುರುತಿಸುತ್ತಾರೆ. ಇದರಲ್ಲಿ ಸೋಜಿಗವೇನಿಲ್ಲ. ಆದರೆ 'ಕಾರ್ನರ್' ಮಿಂಚಿದ್ದರೂ 'ಕಾರ್ನ್' ಅಷ್ಟೇ ಬೇಗ ಹೊಳೆಯಿತು! ಮೂಲೆಗೂ ದವಸಕ್ಕೂ ಏನು ನಂಟು? ಕೊನೆಯ 'ಅರ್' ಪ್ರತ್ಯಯದಂತೆ ಕಂಡದ್ದೇ ತಡ, ಅರ್ಥವನ್ನು ವಿಚಾರಿಸುವ ಮೊದಲೇ ಕಣ್ಣು ಕತ್ತರಿ ಹಾಕಿಬಿಟ್ಟಿತ್ತು. 'ಸ್ಕ್ಯಾಂಡಲ್'ನಲ್ಲಿ 'ಸ್ಕ್ಯಾನ್' ಕಳೆದರೆ ಉಳಿಯುವ ತುಣುಕು ಪ್ರತ್ಯಯವಲ್ಲ. ಇಂಥ ಪದಗಳಿಂದ ಆ ನೆರವು ಒದಗಲಿಲ್ಲ.

ಇನ್ನು, ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವರ ಪಾಡೇನು? 2008ರಲ್ಲಿ ರೆನಿಟಾ ಸಿಲ್ವ ಮತ್ತು ಹರಾಲ್ಡ್ ಕ್ಲಾಸೆನ್ ಅವರು ಚೀನೀ, ಜರ್ಮನ್ ಮೊದಲಾದ ಭಾಷೆಗಳನ್ನಾಡುವವರನ್ನು ಇದೇ ಬಗೆಯ ಪರೀಕ್ಷೆಗೆ ಒಳಪಡಿಸಿದರು. ಅವರೆಲ್ಲರೂ ಇಂಗ್ಲಿಷನ್ನು ಚೆನ್ನಾಗಿ ಬಲ್ಲವರೇ. ಆದರೂ ಭೂತಕಾಲದ ಪ್ರತ್ಯಯವುಳ್ಳ ಪದ ಮಿಂಚಿದಾಗ ಅದರ ಧಾತು ಅವರಿಗೆ ಬೇಗ ಹೊಳೆಯಲಿಲ್ಲ. 'ನೆಸ್' ಉಳ್ಳ ಪದಗಳಲ್ಲಿ ನೆರವು ಸಿಕ್ಕಿತಾದರೂ ತಾಯ್ನುಡಿಯವರಿಗಿಂತ ಕಡಿಮೆ. ಕಲಿತವರು ಪದವನ್ನು ಇಡಿಯಾಗಿ ನೆನಪಿಡುವುದೇ ಹೆಚ್ಚು ಎಂದು ಆ ವಿದ್ವಾಂಸರು ಭಾವಿಸಿದರು. ಎಲ್ಲರೂ ಇದನ್ನು ಒಪ್ಪಿಲ್ಲ. 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಇಂಗ್ಲಿಷ್ ಕಲಿತ ಸ್ಪ್ಯಾನಿಷ್ ಮತ್ತು ಡಚ್ ಭಾಷಿಕರು ಹೆಚ್ಚುಕಡಿಮೆ ತಾಯ್ನುಡಿಯವರಂತೆಯೇ ಪದಗಳನ್ನು ಬಿಡಿಸಿಕೊಂಡರು. ವಾದ ಇನ್ನೂ ಮುಗಿದಿಲ್ಲ.

ವಿದ್ವಾಂಸರ ವಾದ ಹೇಗಾದರೂ ಮುಗಿಯಲಿ, ನಮ್ಮ ಮನೆಗಳಿಗೆ ಒಂದು ಮಾತು ಸ್ಪಷ್ಟ. ಮೂರು ತುಂಡಾಗಿ ಹಿಡಿಯಬಹುದಾದ ಪದವನ್ನು 11 ಅಕ್ಷರಗಳ ಹೊರೆಯಾಗಿ ಮಗುವಿನ ತಲೆಯ ಮೇಲೆ ಇಡುವುದು ನ್ಯಾಯವಲ್ಲ. ಅದರಲ್ಲೂ ಕನ್ನಡದ ಮಗುವಿಗೆ ತುಂಡು ಸೇರಿಸುವ ವಿದ್ಯೆ ಹೊಸದಲ್ಲ. 'ಮನೆಗಳಿಂದಲೂ' ಎಂದು ಆಡುವಾಗ ಅದು ಮನೆಗೆ ಬಹುವಚನವನ್ನೂ, ವಿಭಕ್ತಿಯನ್ನೂ, ಕೊನೆಗೆ 'ಊ'ವನ್ನೂ ಪೋಣಿಸುತ್ತದೆ. 'ಮಳೆ'ಗೆ 'ಕಾಲ' ಸೇರಿದರೆ 'ಮಳೆಗಾಲ'ವಾಗುವುದನ್ನೂ ಅದು ಬಲ್ಲದು. 'ಹ್ಯಾಪಿ'ಗೆ 'ನೆಸ್' ಸೇರಿದಾಗ ಬರವಣಿಗೆಯಲ್ಲಿ ವೈ ಹೋಗಿ ಐ ಬರುತ್ತದೆ. ಬೆಸುಗೆಯ ಜಾಗದಲ್ಲಿ ಅಕ್ಷರ ಬದಲಾಗುವುದು ನಮಗೂ ಇದೆ ಎಂದು ಹೇಳಿಕೊಟ್ಟರೆ ಸಾಕು.

ನನ್ನ ತರಗತಿಯ ಆ ಹುಡುಗ ಎಡವಿದ್ದು ಸರಿಯಾಗಿ ಆ ವೈ ಅಕ್ಷರದಲ್ಲಿಯೇ. ಅವನು 'ಹ್ಯಾಪಿ'ಯನ್ನು ಸರಿಯಾಗಿ ಬರೆದು, ಅದರ ಮುಂದೆ 'ನೆಸ್' ಇಟ್ಟಿದ್ದ. ಎಂದರೆ ಪದವನ್ನು ಬಿಡಿಸಿ ನೋಡಿದ್ದ. ನಾನು ಅದಕ್ಕೆ ಕೆಂಪು ಗೀಟು ಎಳೆದೆ. ಇಂದು ನಿಮ್ಮ ಮಗು ಹಾಗೆ ಬರೆದರೆ, ತಿದ್ದುವ ಮೊದಲು ಒಮ್ಮೆ ಬೆನ್ನು ತಟ್ಟಿರಿ.